ಮುಟ್ಟಿದವನನ್ನು ಯಾರೂ ಕೇಳಲಿಲ್ಲ

ತಾಯಂದಿರೇ, ಅಣ್ಣತಮ್ಮಂದಿರೇ, ಇವತ್ತು ತಾಳ್ಮೆಯ ಬಗ್ಗೆ ನಾಲ್ಕು ಮಾತು ಆಡಬೇಕೆಂದು ಬಂದಿದ್ದೆ. ಮಠದ ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಕಿವಿಗೆ ಬಿದ್ದ ಮಾತು ಕೇಳಿ ಇದ್ದ ತಾಳ್ಮೆಯೂ ಹೋಯಿತು. ನಿನ್ನೆ ನಮ್ಮ ಕಾಲೇಜಿನ ಹುಡುಗರು ಬಾಸ್ಕೆಟ್‌ಬಾಲ್ ಪಂದ್ಯದಲ್ಲಿ ಸೋತರು. ಸೋತದ್ದು ಸೋತರು. ಆದರೆ ಬೆಳಗಿನಿಂದ ಈ ಅಂಗಳದಲ್ಲಿ, ಹೂವಿನ ಅಂಗಡಿಯಲ್ಲಿ, ಕೈಕಾಲು ತೊಳೆಯುವ ನಲ್ಲಿಯ ಹತ್ತಿರ, ಎಲ್ಲಿ ಹೋದರೂ ಒಂದೇ ಮಾತು. ರೆಫರಿ ಕೊಂದ. ರೆಫರಿ ತಿಂದ. ರೆಫರಿ ಮಾರಿಕೊಂಡ. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ತೆಂಗಿನಕಾಯಿ, ಬಾಯಲ್ಲಿ ಇದು.

ನಾನು ಸಿಟ್ಟಾಗುವವನಲ್ಲ, ನಿಮಗೆ ಗೊತ್ತು. ಇವತ್ತು ಆಗಿದ್ದೇನೆ. ಸಿಟ್ಟಿನಲ್ಲಿ ಉಪದೇಶ ಮಾಡಬಾರದು, ಅದಕ್ಕೇ ಒಂದು ಕಥೆ ಹೇಳುತ್ತೇನೆ. ಕೂತು ಕೇಳಿ.

ಒಂದು ಊರಿತ್ತು. ಯಾವ ಊರೆಂದು ಕೇಳಬೇಡಿ, ನಿಮಗೆ ಗೊತ್ತಾದರೆ ಅಲ್ಲಿಯವರನ್ನು ನೋಡಿ ನಗುತ್ತೀರಿ, ನಗುವ ಅರ್ಹತೆ ನಮಗಿಲ್ಲ. ಆ ಊರಿಗೊಬ್ಬ ಸಾಹುಕಾರ. ಹತ್ತಿ ಗಿರಣಿ ಇತ್ತು. ಕೆಟ್ಟವನಲ್ಲ ನೋಡಿ, ಕೊಡುವ ಕೈ. ಊರ ಕಾಲೇಜಿಗೆ ಬಾಸ್ಕೆಟ್‌ಬಾಲ್ ಅಂಗಳ ಕಟ್ಟಿಸಿಕೊಟ್ಟವನು ಅವನೇ. ಹುಡುಗರಿಗೆ ಬೂಟು, ಅಂಗಿ, ಕಂಬಕ್ಕೆ ದೀಪ, ಎಲ್ಲ ಅವನದೇ. ಸಂಜೆಯಾದರೆ ಗಿರಣಿಯ ಮುಂದಿನ ಕಟ್ಟೆಯ ಮೇಲೆ ಕೂತು ಆಟದ ಮಾತಾಡುತ್ತಿದ್ದ. ಅವನ ಸುತ್ತ ದಲಾಲಿಗಳು, ಮೆಡಿಕಲ್ ಅಂಗಡಿಯವರು, ನಿವೃತ್ತ ಗುಮಾಸ್ತರು. ಚೆಂಡು ಕೈಯಲ್ಲಿ ಹಿಡಿದವರು ಆ ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಆಟವನ್ನು ಬಲ್ಲವರು ಮಾತ್ರ ಎಲ್ಲರೂ.

ಆ ಕಾಲೇಜಿನ ತಂಡದ ನಾಯಕ ಸೋಮಲಿಂಗ ಅಂತ ಒಬ್ಬ ಹುಡುಗ. ತಂದೆ ಇರಲಿಲ್ಲ. ತಾಯಿ ನೀಲವ್ವ ಹಾಸ್ಟೆಲಿನ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹುಡುಗ ಎತ್ತರ, ಮಾತು ಕಡಿಮೆ. ಅವನು ಚೆಂಡು ಹಿಡಿದು ಹೊರಟರೆ ಕಟ್ಟೆಯವರೆಲ್ಲ ಎದ್ದು ನಿಲ್ಲುತ್ತಿದ್ದರು.

ಆ ವರ್ಷ ಜಿಲ್ಲೆಯ ಕಾಲೇಜುಗಳ ಕೊನೆಯ ಪಂದ್ಯ ಅದೇ ಊರಿನ ಅಂಗಳದಲ್ಲಿ ನಡೆಯಿತು. ರೆಫರಿಯಾಗಿ ಬಂದವರು ಕಲ್ಮೇಶ ಮಾಸ್ತರು. ಪಕ್ಕದ ಹಳ್ಳಿಯ ಹೈಸ್ಕೂಲಿನಲ್ಲಿ ಆಟ ಕಲಿಸುವವರು. ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಸೀಟಿ. ಹರೆಯದಿಂದ ಆ ಸೀಟಿ ಊದಿಕೊಂಡೇ ತಲೆ ಬೆಳ್ಳಗಾದ ಮನುಷ್ಯ.

ಪಂದ್ಯ ಹೇಗೆ ನಡೆಯಿತೆಂದು ವಿಸ್ತಾರ ಮಾಡುವುದಿಲ್ಲ. ಆಟದ ಕಾನೂನನ್ನು ನಾನು ತಪ್ಪು ಹೇಳಿದರೆ ಹುಡುಗರು ನಗುತ್ತಾರೆ. ಇಷ್ಟು ತಿಳಿಯಿರಿ. ಮೊದಲರ್ಧದಲ್ಲಿ ಮಾಸ್ತರು ಎದುರಿನವರ ಮೇಲೆ ಫೌಲು ಕೊಟ್ಟರು, ಮತ್ತೆ ಮತ್ತೆ ಕೊಟ್ಟರು. ಆಗ ಆ ಊರಿನವರು ಏನೆಂದರು ಗೊತ್ತೇ? ರೆಫರಿ ಅಂದರೆ ಹೀಗಿರಬೇಕು, ಹದ್ದಿನ ಕಣ್ಣು ಅಂದರು. ಆ ಫೌಲಿಗೆ ಸಿಕ್ಕ ಎಸೆತಗಳನ್ನು ನಮ್ಮ ಸೋಮಲಿಂಗನ ಗೆಳೆಯರು ಒಂದಾದ ಮೇಲೊಂದು ಹಾಳು ಮಾಡಿದರು. ಚೆಂಡು ಬಾಸ್ಕೆಟ್ಟಿನ ಬಳೆಗೆ ಬಡಿದು ಆಚೆ ಬಿತ್ತು, ಈಚೆ ಬಿತ್ತು. ಅದನ್ನು ಆಮೇಲೆ ಯಾರೂ ಎಣಿಸಲಿಲ್ಲ. ಎಣಿಸುತ್ತಾರೆಯೇ? ನಾವು ಕಳೆದದ್ದನ್ನು ನಾವು ಎಣಿಸುತ್ತೇವೆಯೇ?

ಕೊನೆಯ ಗಳಿಗೆ ಬಂತು. ಊರಿನ ತಂಡ ಒಂದೇ ಅಂಕದಿಂದ ಮುಂದಿತ್ತು. ಎದುರಿನ ಹುಡುಗನೊಬ್ಬ ಚೆಂಡು ಹಿಡಿದು ಬಾಸ್ಕೆಟ್ಟಿನ ಕಡೆ ಹಾರಿದ. ಅವನನ್ನು ತಡೆಯಲು ಸೋಮಲಿಂಗನೂ ಹಾರಿದ. ಚೆಂಡು ತಪ್ಪಿ ಹೊರಗೆ ಹೋಯಿತು. ಜನ ಗೆದ್ದೆವೆಂದು ಕೂಗಲು ಬಾಯಿ ತೆರೆದಿದ್ದರು, ಅಷ್ಟರಲ್ಲಿ ಮಾಸ್ತರು ಸೀಟಿ ಊದಿದರು. ಫೌಲು. ಹಾರಿದವನ ಕೈಗೆ ಬಡಿದನೆಂದು ಸೋಮಲಿಂಗನ ಮೇಲೆ. ಎದುರಿನ ಹುಡುಗನಿಗೆ ಎರಡು ಎಸೆತ. ಅವನು ಎರಡನ್ನೂ ಒಳಗೆ ಹಾಕಿದ. ಸಮಯ ಮುಗಿಯಿತು. ಊರು ಸೋತಿತು.

ಈಗ ಇಲ್ಲಿ ಸ್ವಲ್ಪ ಗಮನ ಕೊಡಿ. ಆ ಕಾಲೇಜಿನಲ್ಲಿ ಒಂದು ಪದ್ಧತಿ ಇತ್ತು. ಮೊದಲು ಅಲ್ಲಿ ಆಟ ಕಲಿಸಿದ ಹಳೆಯ ತರಬೇತುದಾರರೊಬ್ಬರು ಹಾಕಿಕೊಟ್ಟದ್ದು. ಫೌಲು ಕೊಟ್ಟ ಕೂಡಲೇ, ಮಾಡಿದವನು ತಾನೇ ಕೈ ಎತ್ತಬೇಕು. ಲೆಕ್ಕ ಬರೆಯುವವರ ಕಡೆ ತಿರುಗಿ, ಎಲ್ಲರಿಗೂ ಕಾಣುವ ಹಾಗೆ. ನಾನೇ ಮಾಡಿದ್ದು, ಬರೆದುಕೊಳ್ಳಿ ಅಂತ. ಬೇರೆ ಕಾಲೇಜುಗಳಲ್ಲಿ ಇದು ನಿಂತುಹೋಗಿತ್ತು. ಇಲ್ಲಿ ಮಾತ್ರ ಉಳಿದಿತ್ತು. ಆ ಹುಡುಗರು ಯೋಚನೆ ಮಾಡಿ ಕೈ ಎತ್ತುತ್ತಿರಲಿಲ್ಲ. ಸೀಟಿ ಕೇಳಿದರೆ ಕೈ ತಾನಾಗಿ ಮೇಲೆ ಹೋಗುತ್ತಿತ್ತು.

ಆ ಕೊನೆಯ ಸೀಟಿಗೆ ಸೋಮಲಿಂಗನ ಕೈಯೂ ಮೇಲೆ ಹೋಯಿತು. ಭುಜದ ತನಕ ಹೋಯಿತು. ಆಗ ಇಡೀ ಅಂಗಳ ಒಂದೇ ದನಿಯಲ್ಲಿ, ಇಲ್ಲ, ಫೌಲಿಲ್ಲ ಎಂದು ಒದರಿತು. ಹುಡುಗ ಬೆಚ್ಚಿದ. ಎತ್ತಿದ ಕೈಯಿಂದ ಹಣೆಯ ಬೆವರು ಒರೆಸಿಕೊಂಡ.

ಇದನ್ನು ನೋಡಿದವರು ಎಷ್ಟು ಜನ? ಕಲ್ಮೇಶ ಮಾಸ್ತರು ನೋಡಿದರು. ಅಷ್ಟೇ.

ಮರುದಿನದಿಂದ ಕಟ್ಟೆಯ ಮೇಲೆ ಕೋರ್ಟು ಶುರುವಾಯಿತು. ಯಾರೋ ಮೊಬೈಲಿನಲ್ಲಿ ಚಿತ್ರ ಹಿಡಿದಿದ್ದರು. ಹಾರಿದ್ದು, ಚೆಂಡು ಹೊರಗೆ ಹೋದದ್ದು, ಸೀಟಿ ಊದಿದ್ದು, ಅಲ್ಲಿಗೆ ಮುಗಿಯಿತು. ಚಿತ್ರ ಹಿಡಿದವನು ಸಿಟ್ಟು ಬಂದು ಮೊಬೈಲನ್ನು ಕೆಳಗಿಳಿಸಿದ್ದ. ಆ ತುಂಡನ್ನು ಊರಿನ ಪ್ರತಿ ಮನೆಯಲ್ಲಿ ನೋಡಿದರು. ನಿಲ್ಲಿಸಿ ನೋಡಿದರು, ಹಿಗ್ಗಿಸಿ ನೋಡಿದರು, ತಲೆಕೆಳಗು ಹಿಡಿದು ನೋಡಿದರು. ಕೈಗೂ ಕೈಗೂ ನಡುವೆ ಬೆಳಕು ಕಾಣುತ್ತದೆ ಎಂದು ಮೆಡಿಕಲ್ ಅಂಗಡಿಯವನು ಆಣೆ ಮಾಡಿ ಹೇಳಿದ. ಅವನು ಹೇಳಿದ ಮೇಲೆ ಎಲ್ಲರಿಗೂ ಬೆಳಕು ಕಂಡಿತು.

ಮೊದಲು ಮಾಸ್ತರ ಕಣ್ಣು ಮಂಜು ಅಂದರು. ಪಾಪ, ವಯಸ್ಸು ಅಂದರು. ಅದು ಸಾಕಾಗಲಿಲ್ಲ. ಕಣ್ಣು ಮಂಜಾದವನ ಮೇಲೆ ಎಷ್ಟು ದಿನ ಸಿಟ್ಟು ಮಾಡಲಾಗುತ್ತದೆ? ಆಮೇಲೆ ಗುಮಾಸ್ತರೊಬ್ಬರು ಕೇಳಿದರು: “ಅಲ್ಲೋ, ಅವನ ಹೇಣ್ತಿ ತವರಮನಿ ಯಾವ ಊರು?” ಹುಡುಕಿದರು. ಹೆಂಡತಿಯ ತವರು ಬೇರೆಲ್ಲೋ ಇತ್ತು. ಆದರೆ ಹೆಂಡತಿಯ ಸೋದರತ್ತೆಯನ್ನು ಗೆದ್ದವರ ಊರಿಗೆ ಕೊಟ್ಟಿದ್ದರು. ಸಿಕ್ಕಿತು. ಕಟ್ಟೆಗೆ ಕಟ್ಟೆಯೇ ಉಸಿರು ಬಿಟ್ಟಿತು. ನೋಡಿ, ಸೋದರತ್ತೆ ಎಂಬ ಒಬ್ಬ ಮುದುಕಿ, ಬಾಸ್ಕೆಟ್‌ಬಾಲ್ ಅಂದರೆ ಏನೆಂದು ತಿಳಿಯದವಳು, ಆಕೆಯ ಮೇಲೆ ಈ ಸೋಲನ್ನು ಹೊರಿಸಿದರು. ನಗುತ್ತೀರಿ. ನಗಿ. ಇಲ್ಲಿ ನಲ್ಲಿಯ ಹತ್ತಿರ ಇವತ್ತು ಬೆಳಿಗ್ಗೆ ರೆಫರಿ ಯಾರ ಪೈಕಿ ಎಂದು ಕೇಳಿದವರು ಯಾರು? ಹೆಸರು ಹೇಳುವುದಿಲ್ಲ. ಅವರು ನಗುತ್ತಿಲ್ಲ, ಅಷ್ಟು ಸಾಕು.

ಕಲ್ಮೇಶ ಮಾಸ್ತರು ದಿನಾ ಆ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬದಲಿಸಿ ತಮ್ಮ ಶಾಲೆಗೆ ಹೋಗಬೇಕಿತ್ತು. ಅವರು ಇಳಿದರೆ ಪಾನ್ ಅಂಗಡಿಯಿಂದ ಒಬ್ಬ ಸೀಟಿ ಊದುತ್ತಿದ್ದ. ಹಣ್ಣಿನ ಗಾಡಿಯಿಂದ ಇನ್ನೊಬ್ಬ. ಒಬ್ಬ ದೊಡ್ಡ ಮನುಷ್ಯ, ಮೊಮ್ಮಕ್ಕಳಿದ್ದವನು, ಎದುರಿಗೆ ಬಂದು ಕೈಮುಗಿದು, “ಮಾಸ್ತರ, ದಾಟಲೇನ್ರಿ? ಫೌಲ್ ಕೊಡಂಗಿಲ್ಲಲಾ?” ಅಂದ. ಸುತ್ತಲಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾಸ್ತರು ಬಸ್ಸಿನ ಬೋರ್ಡು ಓದುತ್ತ ನಿಂತರು. ಓದಲು ಅದರಲ್ಲಿ ಏನೂ ಇರಲಿಲ್ಲ, ದಿನಾ ಹೋಗುವ ಬಸ್ಸೇ ಅದು.

ಆ ಊರಿನಲ್ಲಿ ಒಬ್ಬನೇ ಒಬ್ಬ ಉಣ್ಣುತ್ತಿರಲಿಲ್ಲ. ಸೋಮಲಿಂಗ. ನೀಲವ್ವ ರೊಟ್ಟಿ ಇಟ್ಟರೆ ಮುರಿದು ಇಟ್ಟು ಏಳುತ್ತಿದ್ದ. ಒಂದು ದಿನ ಅವನು ತಾಯಿಗೆ ಹೇಳಬೇಕೆಂದು ಬಾಯಿ ತೆರೆದ. ಯವ್ವಾ, ಆವತ್ತಿನ ಪಂದ್ಯದಾಗ, ಅಂದ. ಅಷ್ಟಕ್ಕೇ ಆಕೆ ಕೈಯಲ್ಲಿದ್ದ ಹಿಟ್ಟು ಒರೆಸಿಕೊಂಡು, “ಆ ಮಾಸ್ತರನ ನಾಲಿಗಿ ಸೇದಿ ಹೋಗಲಿ. ನನ್ನ ಮಗನ ಹೊಟ್ಟಿ ಉರಿಸಿದವಾ ಎಂದೂ ಹೊಟ್ಟಿತುಂಬ ಉಣ್ಣಂಗಿಲ್ಲ” ಅಂದಳು. ಹುಡುಗ ಬಾಯಿ ಮುಚ್ಚಿದ. ಹೇಳಿ, ಅವನು ಇನ್ನಾರಿಗೆ ಹೇಳಬೇಕು? ಹೆತ್ತವಳು ಪ್ರೀತಿಯಿಂದಲೇ ಬಾಗಿಲು ಹಾಕಿದಳು. ಊರು ಅಭಿಮಾನದಿಂದ ಹಾಕಿತು. ಬಾಗಿಲು ಹಾಕಿದ್ದು ಹಾಕಿದ್ದೇ ಅಲ್ಲವೇ?

ಕಟ್ಟೆಯಲ್ಲಿ ಕೊನೆಗೊಂದು ತೀರ್ಮಾನ ಆಯಿತು. ಜಿಲ್ಲೆಯ ಆಟದ ಸಂಘದ ಹತ್ತಿರ ಎಲ್ಲರೂ ಹೋಗಬೇಕು, ಕಲ್ಮೇಶ ಮಾಸ್ತರ ಸೀಟಿ ಕಿತ್ತುಕೊಳ್ಳಬೇಕು, ಇನ್ನೆಂದೂ ಯಾವ ಅಂಗಳದಲ್ಲೂ ಅವರು ನಿಲ್ಲಬಾರದು. ಸಂಘದ ಅಧ್ಯಕ್ಷರು ಸಾಹುಕಾರನಿಗೆ ಬೇಕಾದವರು. ಅವರು ಒಂದೇ ಮಾತು ಹೇಳಿ ಕಳಿಸಿದ್ದರು. ಊರಿನವರ ಮಾತು ಬೇಡ, ಫೌಲು ಯಾರ ಮೇಲೆ ಕೊಟ್ಟರೋ ಆ ಹುಡುಗ ಬಂದು ನಾನು ಮುಟ್ಟಿಲ್ಲ ಅನ್ನಲಿ, ಮುಂದಿನದು ನನಗೆ ಬಿಡಿ ಅಂತ.

ಈಗ ನೋಡಿ, ಎಲ್ಲ ಬಂದು ಆ ಒಬ್ಬ ಹುಡುಗನ ನಾಲಿಗೆಯ ಮೇಲೆ ಕೂತಿತು. ಮುಟ್ಟಿಲ್ಲ ಅಂದರೆ ಊರು ಹೊತ್ತು ಮೆರೆಸುತ್ತದೆ, ಮಾಸ್ತರು ಮುಗಿದರು. ಮುಟ್ಟಿದೆ ಅಂದರೆ ಮಾಸ್ತರು ಉಳಿಯುತ್ತಾರೆ, ಆ ಊರಿನಲ್ಲಿ ಅವನು ಮುಗಿದ. ಊರಿನವರು ಅವನನ್ನು ಹೋಗುತ್ತೀಯಾ ಎಂದು ಕೇಳಿದರು. ಯಾವಾಗ ಹೋಗೋಣ ಎಂದು ಕೇಳಿದರು. ಏನು ಅಂಗಿ ಹಾಕಿಕೊಳ್ಳಬೇಕು ಎಂದು ಹೇಳಿಕೊಟ್ಟರು. ಮುಟ್ಟಿದೆಯಾ ಎಂದು ಮಾತ್ರ ಒಬ್ಬನೂ ಕೇಳಲಿಲ್ಲ. ಇಡೀ ಊರಿನಲ್ಲಿ ಅದನ್ನು ಬಲ್ಲವನು ಅವನೊಬ್ಬನೇ. ಬೆರಳಿನ ತುದಿಗೆ ಗೊತ್ತಿತ್ತು. ಅವನನ್ನು ಬಿಟ್ಟು ಎಲ್ಲರನ್ನೂ ಕೇಳಿದರು. ನನಗೆ ಸಿಟ್ಟು ಬರುವುದು ಸೀಟಿಗೆ ಅಲ್ಲ, ಸೋಲಿಗೆ ಅಲ್ಲ. ಇದಕ್ಕೆ.

ಸೋಮಲಿಂಗ ಬಸ್‌ಸ್ಟ್ಯಾಂಡಿಗೆ ಹೋದ. ಮಾಸ್ತರು ಒಂದು ಮೂಲೆಯಲ್ಲಿ ನಿಂತಿದ್ದರು. ಇವನು ಹೋಗಿ ಪಕ್ಕದಲ್ಲಿ ನಿಂತ. ಮಾಸ್ತರೇ ಮೆಲ್ಲಗೆ ಹೇಳಿದರು: “ನೀ ಕೈ ಎತ್ತೀದೀಪಾ. ನಾ ನೋಡೇನಿ. ನಂಗ ಅಷ್ಟ ಸಾಕು. ಊರಮಂದಿ ಜೋಡಿ ನೀ ಬದುಕಬೇಕು, ಹೋಗು.” ಬಸ್ಸು ಬಂತು, ಹತ್ತಿದರು. ಬೈದಿದ್ದರೆ ಹುಡುಗನಿಗೆ ಹಗುರ ಆಗುತ್ತಿತ್ತು. ಮಾಸ್ತರು ಬೈಯಲಿಲ್ಲ.

ಸಂಘಕ್ಕೆ ಹೊರಡುವ ಹಿಂದಿನ ಸಂಜೆ ಊರಿನವರು ಸೋಮಲಿಂಗನಿಗೆ ಸನ್ಮಾನ ಇಟ್ಟುಕೊಂಡರು. ಸೋತವನಿಗೆ ಸನ್ಮಾನ ಮಾಡಿದ್ದನ್ನು ನೀವು ಕೇಳಿದ್ದೀರಾ? ಆ ಊರಿನವರಿಗೆ ಮಾತ್ರ ಹೊಳೆಯಬಹುದಾದ ವಿಚಾರ ಅದು. ಗಿರಣಿಯ ಅಂಗಳದಲ್ಲಿ ವೇದಿಕೆ. ದೊಡ್ಡ ಫ್ಲೆಕ್ಸು, ಅದರಲ್ಲಿ ಹುಡುಗನ ಮುಖ, ಕೆಳಗೆ ‘ಸೋತಿಲ್ಲ, ಸೋಲಿಸಲಾಗಿದೆ’ ಎಂದು ಬರಹ. ಸುತ್ತ ಸಾಹುಕಾರ ಮತ್ತು ಕಟ್ಟೆಯವರ ಸಣ್ಣ ಸಣ್ಣ ಮುಖಗಳು. ಶಾಲು ಹೊದಿಸಿದರು, ಪೇಟ ಇಟ್ಟರು, ಹಣ್ಣಿನ ಬುಟ್ಟಿ ಕೈಗೆ ಕೊಟ್ಟರು. ಭಾಷಣಗಳಾದವು. ಒಬ್ಬೊಬ್ಬರೂ ಮಾಸ್ತರನ್ನು ಒಂದೊಂದು ಸಲ ಗಲ್ಲಿಗೇರಿಸಿದರು. ಹೆಂಗಸರ ಸಾಲಿನಲ್ಲಿ ನೀಲವ್ವ ಸೆರಗು ಬಾಯಿಗೆ ಹಿಡಿದು ಕೂತಿದ್ದಳು. ಕೊನೆಗೆ ಸಾಹುಕಾರ, ಹುಡುಗ ಎರಡು ಮಾತಾಡಲಿ ಎಂದು ಮೈಕು ಕೊಟ್ಟ.

ಸೋಮಲಿಂಗ ಮೊದಲು ಹಣ್ಣಿನ ಬುಟ್ಟಿ ಕೆಳಗಿಟ್ಟ. ಪೇಟ ತೆಗೆದ. ಶಾಲನ್ನು ಮಡಚಿ ಮೇಜಿನ ಮೇಲಿಟ್ಟ. ಆಮೇಲೆ ಮಾತಾಡಿದ.

“ಸಾಹುಕಾರರ, ಇದು ನಂಗ ಬ್ಯಾಡ್ರಿ. ಆ ಹುಡುಗನ ಮಣಿಕಟ್ಟಿಗೆ ನನ್ನ ಕೈ ಬಡದೈತಿ. ಮಾಸ್ತರು ಊದಿದ್ದು ಖರೇ ಐತಿ. ನಾ ಆವಾಗನ ಕೈ ಎತ್ತಾಕ ಹೋಗಿದ್ದೆ, ನೀವೆಲ್ಲಾ ಒದರಿದ್ರಿ, ಅಂಜಿ ಇಳಿಸಿದೆ.”

ಈಗ ಏನಾಗಬೇಕಿತ್ತು? ನೀವು ಹೇಳಿ. ಸಾಹುಕಾರ ತಲೆ ತಗ್ಗಿಸಬೇಕಿತ್ತು, ಜನ ಕಣ್ಣೊರೆಸಿಕೊಳ್ಳಬೇಕಿತ್ತು, ನಾಲ್ಕು ಜನ ಎದ್ದು ಮಾಸ್ತರ ಮನೆಗೆ ಹೋಗಬೇಕಿತ್ತು. ಕಥೆ ಕಟ್ಟುವವರು ಹಾಗೇ ಕಟ್ಟುತ್ತಾರೆ. ನಡೆದದ್ದು ಹಾಗಲ್ಲ.

ಸಾಹುಕಾರ ಎದ್ದು ಹುಡುಗನ ಭುಜದ ಮೇಲೆ ಕೈ ಇಟ್ಟ. “ತಮ್ಮಾ, ನೀ ದಣದೀದಿ. ಏನ್ ಮಾತಾಡಾಕತ್ತೀದಿ ಅಂತ ನಿನಗ ತಿಳೀವಲ್ದು. ನೀ ಮುಟ್ಟಿಲ್ಲ. ನಾವೆಲ್ಲಾ ನೋಡೇವಿ” ಅಂದ. ಅಷ್ಟರಲ್ಲಿ ಮೆಡಿಕಲ್ ಅಂಗಡಿಯವನು ಮೊಬೈಲು ಹಿಡಿದುಕೊಂಡು ವೇದಿಕೆ ಹತ್ತಿದ. ಆ ತುಂಡು ಚಿತ್ರ ತೆಗೆದು, ನಿಲ್ಲಿಸಿ, ಹಿಗ್ಗಿಸಿ, ಹುಡುಗನ ಮುಖದ ಮುಂದೆ ಹಿಡಿದ. ನೋಡು, ನಿನ್ನ ಕೈ ಇಲ್ಲೈತಿ, ಅವನ ಕೈ ಅಲ್ಲೈತಿ, ನಡುವೆ ಬೆಳಕು ಕಾಣತೈತಿ ಅಂತ ಬೆರಳಿಟ್ಟು ತೋರಿಸಿದ.

ತಾಯಂದಿರೇ, ಯೋಚನೆ ಮಾಡಿ. ಹೊಡೆದ ಕೈಯವನಿಗೆ ಅವನು ಹೊಡೆದಿಲ್ಲ ಎಂದು ಸಾಕ್ಷಿ ತೋರಿಸುತ್ತಿದ್ದಾರೆ.

ಹುಡುಗ ಆ ಮೊಬೈಲನ್ನು ನೋಡಲಿಲ್ಲ. “ಕೈ ನಂದೈತ್ರಿ” ಅಂದ. ಇಷ್ಟೇ ಅಂದು ವೇದಿಕೆ ಇಳಿದ.

ಆಗ ಹಿಂದಿನ ಸಾಲಿನಿಂದ ಒಂದು ದನಿ ಬಂತು. “ಎಷ್ಟ ಕೊಟ್ಟಾರ ಅಂತ ಕೇಳ್ರಿ ಅವಂಗ.” ಯಾರೋ ನಕ್ಕರು. ಆ ನಗು ಸಾಲಿನಿಂದ ಸಾಲಿಗೆ ಹರಿಯಿತು. ಹುಡುಗ ಗಿರಣಿಯ ಗೇಟು ದಾಟುವುದರೊಳಗೆ ಊರಿಗೆ ಹೊಸ ವಿಷಯ ಸಿಕ್ಕಿತ್ತು. ರೆಫರಿಯ ಸೋದರತ್ತೆಯನ್ನು ಬಿಟ್ಟರು. ಸೋಮಲಿಂಗನ ಸೋದರಮಾವ ಯಾರು, ಅವನು ಎಲ್ಲಿರುತ್ತಾನೆ ಎಂದು ಹುಡುಕಲು ಶುರು ಮಾಡಿದರು.

ಸಂಘಕ್ಕೆ ಯಾರೂ ಹೋಗಲಿಲ್ಲ, ಹೋಗುವ ಹಾಗಿರಲಿಲ್ಲ. ಮಾಸ್ತರ ಕೊರಳಿನ ಸೀಟಿ ಕೊರಳಲ್ಲೇ ಉಳಿಯಿತು. ಫ್ಲೆಕ್ಸಿನಲ್ಲಿ ಹುಡುಗನ ಮುಖ ಇದ್ದ ಜಾಗವನ್ನು ಯಾರೋ ಬ್ಲೇಡಿನಿಂದ ಕತ್ತರಿಸಿ ತೆಗೆದರು. ಸಾಹುಕಾರನ ಮುಖ, ಕಟ್ಟೆಯವರ ಮುಖ ಹಾಗೇ ಇದ್ದವು, ನಡುವೆ ಒಂದು ದೊಡ್ಡ ತೂತು. ಮುಂದಿನ ವರ್ಷ ತಂಡಕ್ಕೆ ಬೇರೆ ನಾಯಕ ಬಂದ. ಆ ತಂಡದ ಹುಡುಗರು ಫೌಲಾದಾಗ ಕೈ ಎತ್ತುವುದನ್ನು ಬಿಟ್ಟರು. ಯಾರೂ ಬಿಡಿ ಎಂದು ಹೇಳಲಿಲ್ಲ. ಅವರೇ ಕಲಿತುಕೊಂಡರು.

ಸನ್ಮಾನದ ಆ ರಾತ್ರಿ ನೀಲವ್ವ ಮನೆಗೆ ಬಂದ ಮಗನನ್ನು ಊಟಕ್ಕೆ ಕರೆದಳು. ತಾನು ಶಾಪ ಹಾಕಿದ ಬಾಯಿ ಅವಳಿಗೆ ನೆನಪಿತ್ತೋ ಏನೋ. ತಟ್ಟೆ ಇಟ್ಟಳು, ರೊಟ್ಟಿ ಇಟ್ಟಳು, ಪಕ್ಕದಲ್ಲಿ ಕೂತಳು. ಆ ಹುಡುಗ ಉಂಡ. ಎಷ್ಟೋ ದಿನದ ಮೇಲೆ, ಇನ್ನೊಂದು ರೊಟ್ಟಿ ಕೇಳಿ ಉಂಡ.

ಕಥೆ ಇಷ್ಟೇ.

ಈಗ ಇಲ್ಲಿಗೆ ಬನ್ನಿ. ನಿನ್ನೆಯ ಪಂದ್ಯದ ಸೀಟಿ ಸರಿಯೋ ತಪ್ಪೋ ನನಗೆ ಗೊತ್ತಿಲ್ಲ. ತಪ್ಪೇ ಇರಬಹುದು. ಸೀಟಿ ಊದುವವರು ದೇವರಲ್ಲ, ಅವರಿಗೂ ಬೆವರು ಕಣ್ಣಿಗೆ ಇಳಿಯುತ್ತದೆ. ತಪ್ಪಿದ್ದರೆ ಆಡಿದವರು ಹೇಳಲಿ, ಹೇಳಬೇಕಾದ ಕಡೆ ಹೇಳಲಿ, ನಾವೆಲ್ಲ ಹಿಂದೆ ನಿಲ್ಲೋಣ. ಆದರೆ ಆಡಿದವರನ್ನು ಒಂದು ಮಾತು ಕೇಳುವ ಮೊದಲೇ ನಾವು ತೀರ್ಪು ಬರೆದು, ಅವರ ಕೊರಳಿಗೆ ಹಾರ ಹಾಕಿ, ಅವರ ಬಾಯಿ ಹೊಲಿದುಬಿಡುತ್ತೇವೆ. ಇದು ಆಟದ ಅಂಗಳದಲ್ಲಿ ಮಾತ್ರ ನಡೆಯುತ್ತದೆಯೇ?

ಮಗಳು ಶಾಲೆಯಿಂದ ಅಳುತ್ತ ಬಂದರೆ ನೀವು ಏನು ಮಾಡುತ್ತೀರಿ? ಚಪ್ಪಲಿ ಮೆಟ್ಟಿಕೊಂಡು ಟೀಚರಮ್ಮನ ಮೇಲೆ ಜಗಳಕ್ಕೆ ಹೋಗುತ್ತೀರಿ. ಮಗ ಗಾಡಿ ಗುದ್ದಿಸಿಕೊಂಡು ಬಂದರೆ ಎದುರಿನ ಗಾಡಿಯವನ ಊರು ಕೇಳುತ್ತೀರಿ. ಸೊಸೆ ಮುಖ ಸಣ್ಣದು ಮಾಡಿಕೊಂಡರೆ ಅವಳ ತವರಿನವರು ಕಿವಿ ಊದಿದರು ಅನ್ನುತ್ತೀರಿ. ಮಗಳ ಪಕ್ಕದಲ್ಲಿ ಕೂತು, ಏನಾಯಿತವ್ವಾ, ನೀನೇನು ಮಾಡಿದೆ ಎಂದು ಕೇಳುವುದಕ್ಕೆ ಎಷ್ಟು ಹೊತ್ತು ಬೇಕು? ಅವಳು ನಾನೇ ತಪ್ಪು ಮಾಡಿದೆ ಅಂದುಬಿಟ್ಟರೆ ಎಂಬ ಅಂಜಿಕೆ ನಮಗೆ. ನಮ್ಮ ಸಿಟ್ಟು ಕೆಟ್ಟುಹೋಗುತ್ತದೆ ಎಂಬ ಅಂಜಿಕೆ. ಹೌದೋ ಅಲ್ಲವೋ?

ನಾಳೆಯಿಂದ ಇಷ್ಟು ಮಾಡಿ. ಮನೆಯಲ್ಲಿ ಯಾರಿಗಾದರೂ ಅನ್ಯಾಯ ಆಯಿತು ಅನ್ನಿಸಿದರೆ, ಹೊರಗೆ ಕೂಗುವ ಮೊದಲು ಅವರನ್ನೇ ಕೇಳಿ. ಕೇಳಿದ ಮೇಲೆ ಸುಮ್ಮನಿರಿ. ಉತ್ತರ ನಿಮಗೆ ಬೇಕಾದ ಹಾಗೆ ಬರದಿದ್ದರೂ ಸುಮ್ಮನಿರಿ. ಯಾವ ಮಗು ನಾನೇ ಮಾಡಿದೆ ಎಂದು ಒಪ್ಪುತ್ತದೋ, ಆ ಮಗುವಿಗೆ ಆ ದಿನ ಬೈಗುಳ ಬೀಳಬಾರದು. ಬಿದ್ದರೆ ಅದು ಮತ್ತೆಂದೂ ಒಪ್ಪುವುದಿಲ್ಲ. ಆಮೇಲೆ ನೀವು ಕಣ್ಣಲ್ಲಿ ನೀರು ಹಾಕಿ ಕೇಳಿದರೂ ಒಪ್ಪುವುದಿಲ್ಲ.

ನಿನ್ನೆ ಆಡಿದ ಹುಡುಗರು ಬಂದಿದ್ದಾರೆ. ಆ ಕೊನೆಯ ಕಂಬದ ಹತ್ತಿರ ಕೂತಿದ್ದಾರೆ. ತಿರುಗಿ ನೋಡಬೇಡಿ. ನೋಡಬೇಡಿ ಅಂದೆನಲ್ಲ. ಬೆಳಗಿನಿಂದ ಆ ಮಕ್ಕಳಿಗೆ ನೀವು ಎಷ್ಟು ಜನ ಸಮಾಧಾನ ಹೇಳಿದಿರಿ, ನೀವು ಸೋತಿಲ್ಲಪ್ಪಾ ಅಂದಿರಿ, ನಾನು ನೋಡುತ್ತಿದ್ದೆ. ಒಬ್ಬ ಹುಡುಗ ಪ್ರತಿ ಸಲವೂ ನೆಲ ನೋಡುತ್ತಿದ್ದ. ಯಾಕೆಂದು ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ.

ಈಗ ಪ್ರಸಾದಕ್ಕೆ ಏಳುತ್ತೀರಿ. ಅವರ ಪಕ್ಕದಲ್ಲಿ ಕೂತವರು ಸಾರು ಬೇಕೇ, ಅನ್ನ ಬೇಕೇ ಎಂದು ಕೇಳಿ. ಪಂದ್ಯದ ಮಾತು ನೀವಾಗಿ ತೆಗೆಯಬೇಡಿ. ಅವರಾಗಿ ತೆಗೆದರೆ ಕೈಯಲ್ಲಿನ ತುತ್ತು ಕೆಳಗಿಟ್ಟು ಕೇಳಿ, ನಡುವೆ ಬಾಯಿ ಹಾಕಬೇಡಿ. ಅವರು ಹೇಳಿದ್ದು ನಿಮಗೆ ಹಿಡಿಸದೆ ಹೋದರೂ ಅವರ ಎಲೆಗೆ ಬಡಿಸುವುದನ್ನು ನಿಲ್ಲಿಸಬೇಡಿ. ಏಳಿ.